ಹದೀಸ್ ಪಂಡಿತರು ಸೂಫಿಯೂ ಆಗಿದ್ದರು ಅಂದ್ರೆ ಹೇಗೆ? ಅಬ್ದುಲ್ ಹಖ್ ದೆಹಲವಿ ಬಗ್ಗೆ ತಿಳಿದವರು ಹೇಳಿ

ಉಣಕಲ್_ಓದುಗ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಓದುಗರ ಬಳಗ ಇದೆ. ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ಮಾತಾಡಬೇಕು, ಉಳಿದವರು ಮಿರ್ಚಿ ಭಜಿ ತಿನ್ನುತ್ತಾ ಪ್ರಶ್ನೆ ಕೇಳಬೇಕು, ಅಷ್ಟೇ ನಿಯಮ. ಈ ಸಲ ಸರದಿ ನನ್ನದು, ವಿಷಯ ಸೂಫಿಗಳು. ಶಿಶುನಾಳ ಶರೀಫರ ಬಗ್ಗೆ ಹೇಳಹೊರಟರೆ ನನಗಿಂತ ಕೇಳುವವರಿಗೇ ಜಾಸ್ತಿ ಗೊತ್ತಿರುತ್ತದೆ, ನಡುವೆ ತತ್ವಪದ ಶುರು ಮಾಡಿಬಿಡುತ್ತಾರೆ. ಅದಕ್ಕೆ ಬೇರೆ ಯಾರನ್ನಾದರೂ ಹಿಡಿಯೋಣ ಎಂದು ಹುಡುಕುವಾಗ ಶೇಖ್ ಅಬ್ದುಲ್ ಹಖ್ ಮುಹದ್ದಿಸ್ ದೆಹಲವಿ ಎಂಬ ಹೆಸರು ಸಿಕ್ಕಿತು. ಮುಹದ್ದಿಸ್ ಅಂದರೆ ಹದೀಸ್, ಅಂದರೆ ಪ್ರವಾದಿಯವರ ಮಾತು ನಡೆಗಳ ವರದಿ, ಬಲ್ಲ ವಿದ್ವಾಂಸ ಎಂಬಷ್ಟು ಗೊತ್ತಾಯಿತು.

ಇಲ್ಲೇ ನನಗೆ ತಲೆ ಕೆಟ್ಟಿದ್ದು. ಸೂಫಿ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಲಕ್ಷ್ಮೇಶ್ವರದ ದರ್ಗಾ, ಹುಲಗೂರಿನ ಉರುಸು, ಗಂಧದ ಮೆರವಣಿಗೆ, ಖವ್ವಾಲಿ. ಹದೀಸ್ ಅಂದರೆ ಮದರಸಾ, ದಪ್ಪ ದಪ್ಪ ಕಿತಾಬು, ಇದು ಸರಿ ಅದು ತಪ್ಪು ಎನ್ನುವ ಮೌಲ್ವಿ ಸಾಹೇಬರು. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಕೂಡಿ ಬರುವುದು ಹೇಗೆ? ಆಫೀಸಿನಲ್ಲಿ ಒಬ್ಬ ಗೆಳೆಯನನ್ನು ಕೇಳಿದೆ. "ಅವು ಎರಡು ಬೇರೆ ಪಾರ್ಟಿ ಮಾರಾಯ" ಅಂದ. ಅದೂ ಅಲ್ಲದೆ ಮುಹದ್ದಿಸ್ ದೆಹಲವಿ ಎಂಬ ಹೆಸರಿನವರು ಇಬ್ಬರು ಮೂವರು ಇದ್ದ ಹಾಗಿದೆ. ಇವರು ಯಾವ ಕಾಲದವರು, ಏನು ಮಾಡಿದರು, ನಮ್ಮ ಕಡೆಗೆ ಏನಾದರೂ ಸಂಬಂಧ ಇದೆಯಾ? ಇಪ್ಪತ್ತು ನಿಮಿಷ ಮಾತಾಡಬೇಕು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಗದಗಿನ_ಮಾಸ್ತರ

ಒಳ್ಳೆ ಮನುಷ್ಯನನ್ನೇ ಹಿಡಿದಿದ್ದೀರಿ ತಮ್ಮಾ. ಮೊದಲು ಹೆಸರಿನ ಗೊಂದಲ ತೆಗೆಯೋಣ. ಅಬ್ದುಲ್ ಹಖ್ ಹುಟ್ಟಿದ್ದು 1551, ತೀರಿದ್ದು 1642. ಅಕ್ಬರ್, ಜಹಾಂಗೀರ್, ಷಹಜಹಾನ್ ಮೂವರ ಆಳ್ವಿಕೆಯನ್ನೂ ಕಂಡವರು. ಇನ್ನೊಬ್ಬರು ಶಾಹ್ ವಲೀಉಲ್ಲಾಹ್, 1703ರಿಂದ 1762. ಅವರ ಮಗ ಶಾಹ್ ಅಬ್ದುಲ್ ಅಜೀಜ್‌ರನ್ನೂ ಮುಹದ್ದಿಸ್ ದೆಹಲವಿ ಎಂದೇ ಕರೆಯುತ್ತಾರೆ. ಮೂವರೂ ದೆಹಲಿಯವರು, ಮೂವರೂ ಹದೀಸ್ ಪಂಡಿತರು, ಮೂವರೂ ಸೂಫಿ ಪಂಥದಲ್ಲಿ ದೀಕ್ಷೆ ಪಡೆದವರು. ಹಾಗಾಗಿ ನಿಮ್ಮ ಗೆಳೆಯ ಹೇಳಿದ ಎರಡು ಪಾರ್ಟಿ ಲೆಕ್ಕ ಆ ಕಾಲಕ್ಕೆ ಕೂಡುವುದೇ ಇಲ್ಲ.

ಅಬ್ದುಲ್ ಹಖ್‌ರ ಹಿರಿಯರು ಅಲಾವುದ್ದೀನ್ ಖಿಲ್ಜಿ ಕಾಲದಲ್ಲಿ ಬುಖಾರಾದಿಂದ ಬಂದ ತುರ್ಕರು. ತಂದೆ ಸೈಫುದ್ದೀನ್, ಕವಿ, ಸೂಫಿ ಒಲವಿನ ಮನುಷ್ಯ. ಮಗನಿಗೆ ಮೊದಲ ಪಾಠ ಅವರದೇ. ಈ ಹುಡುಗ ಎಂಥ ಓದಿನ ಹುಚ್ಚ ಅಂದರೆ, ಮನೆಯವರು ಹೊರಗೆ ಹೋಗಿ ಆಡಿಕೋ ಎಂದು ಗೋಗರೆಯಬೇಕಿತ್ತು. ರಾತ್ರಿ ದೀಪದ ಮುಂದೆ ಬಗ್ಗಿ ಕೂತು ಓದುವಾಗ ಪೇಟಕ್ಕೂ ಕೂದಲಿಗೂ ಬೆಂಕಿ ತಗುಲಿ, ತಲೆಗೆ ಬಿಸಿ ಮುಟ್ಟುವವರೆಗೆ ಗೊತ್ತೇ ಆಗುತ್ತಿರಲಿಲ್ಲ ಎಂದು ತಾವೇ ಬರೆದುಕೊಂಡಿದ್ದಾರೆ. ಹುಡುಗರ ಮುಂದೆ ಈ ಕಥೆ ಹೇಳಿದರೆ ನಗುತ್ತಾರೆ, ಈಗ ಪೇಟವೂ ಇಲ್ಲ ದೀಪವೂ ಇಲ್ಲ.

ಓದು ಮುಗಿಸಿ ಅಕ್ಬರನ ಫತೇಪುರ್ ಸಿಕ್ರಿಗೆ ಹೋದರು. ಕವಿ ಫೈಜಿ, ಇತಿಹಾಸ ಬರೆದ ಬದಾಯೂನಿ ಇವರೆಲ್ಲ ಪರಿಚಯದವರೇ. ಆದರೆ ಅರಮನೆಯ ವಾತಾವರಣ ಒಗ್ಗಲಿಲ್ಲ. ಮಕ್ಕಾಕ್ಕೆ ಹೊರಟೇಬಿಟ್ಟರು. ಆಗ ಹಜ್ ಹಡಗುಗಳು ಗುಜರಾತಿನಿಂದ ಹೊರಡುತ್ತಿದ್ದವು, ಗಾಳಿ ನೋಡಿಕೊಂಡು, ವರ್ಷದಲ್ಲಿ ಒಂದು ಹಂಗಾಮು ಮಾತ್ರ. ಇವರು ಅಹಮದಾಬಾದ್ ಮುಟ್ಟುವ ಹೊತ್ತಿಗೆ ಆ ಹಂಗಾಮು ಮುಗಿದಿತ್ತು. ಮುಂದಿನ ಹಂಗಾಮಿನವರೆಗೆ ಅಲ್ಲೇ ಕಾಯಬೇಕಾಯಿತು. ಆ ಬಿಡುವಿನಲ್ಲಿ ಅಲ್ಲಿನ ದೊಡ್ಡ ವಿದ್ವಾಂಸ, ಸೂಫಿ, ವಜೀಹುದ್ದೀನ್ ಅಲವಿ ಅವರ ಹತ್ತಿರ ಕಲಿತರು. 1588ರ ಹೊತ್ತಿಗೆ ಮಕ್ಕಾ ಸೇರಿದರು.

ಮಕ್ಕಾದಲ್ಲಿ ಸಿಕ್ಕ ಗುರು ಶೇಖ್ ಅಬ್ದುಲ್ ವಹ್ಹಾಬ್ ಮುತ್ತಖಿ. ಇವರೂ ನಮ್ಮ ದೇಶದವರೇ, ಮಾಳವದ ಮಾಂಡು ಕಡೆಯವರು. ಅವರ ಗುರು ಅಲೀ ಮುತ್ತಖಿ, ಬುರ್ಹಾನಪುರದವರು, 1567ರಲ್ಲಿ ಮಕ್ಕಾದಲ್ಲೇ ತೀರಿದರು. ಈ ಅಲೀ ಮುತ್ತಖಿ ಚಿಕ್ಕವರಿದ್ದಾಗಲೇ ಬುರ್ಹಾನಪುರದಲ್ಲಿ ಚಿಶ್ತಿ ಎಂಬ ಸೂಫಿ ಪಂಥದ ಸಂತ ಶಾಹ್ ಬಾಜನ್ ಅವರ ಮುರೀದ್, ಅಂದರೆ ಶಿಷ್ಯ, ಆದವರು. ದೊಡ್ಡವರಾದ ಮೇಲೆ ಕನ್ಜುಲ್ ಉಮ್ಮಾಲ್ ಎಂಬ ಹದೀಸ್ ಕೋಶ ಕಟ್ಟಿದರು, ಅದರಲ್ಲಿ 46 ಸಾವಿರಕ್ಕೂ ಜಾಸ್ತಿ ನಮೂದುಗಳಿವೆ. ನೋಡಿ, ಸೂಫಿಯ ಶಿಷ್ಯ ಹದೀಸಿನ ರಾಶಿ ಹಾಕುತ್ತಾನೆ, ಅವನ ಶಿಷ್ಯ ಮಕ್ಕಾದಲ್ಲಿ ಎರಡನ್ನೂ ಕಲಿಸುತ್ತಾನೆ, ಆ ಶಿಷ್ಯನ ಶಿಷ್ಯ ಅಬ್ದುಲ್ ಹಖ್. ಹದೀಸ್ ಕಲಿಸಿದ್ದೂ ಅದೇ ಗುರು, ಜಿಕ್ರ್, ಅಂದರೆ ಸೂಫಿಗಳ ದೇವರ ನಾಮಸ್ಮರಣೆ, ಹೇಳಿಕೊಟ್ಟಿದ್ದೂ ಅದೇ ಗುರು.

ವಾಪಸ್ ಬರಲು ಇವರಿಗೆ ಮನಸ್ಸಿರಲಿಲ್ಲ. ಅಲ್ಲೇ ಇರುತ್ತೇನೆ, ಇಲ್ಲ ಬಗ್ದಾದಿಗಾದರೂ ಹೋಗುತ್ತೇನೆ ಎಂದು ಹಠ. ಗುರು ಬಿಡಲಿಲ್ಲ, ದೆಹಲಿಗೆ ಹೋಗು, ಅಲ್ಲಿ ಕೆಲಸ ಇದೆ ಎಂದು ಕಳಿಸಿದರು. 1592ರ ಸುಮಾರಿಗೆ ಬಂದು ದೆಹಲಿಯಲ್ಲಿ ಕೂತವರು ಸುಮಾರು ಅರ್ಧ ಶತಮಾನ ಪಾಠ ಹೇಳಿದರು, ಬರೆದರು. ಸಮಾಧಿ ಮೆಹ್ರೌಲಿಯಲ್ಲಿ, ಹೌಜ್-ಎ-ಶಮ್ಸಿ ಕೆರೆಯ ಹತ್ತಿರ.

ಸವಣೂರ_ಎಲೆ

ಮಾಸ್ತರರು ಜೀವನ ಹೇಳಿದ್ದಾರೆ, ನಾನು ಕೆಲಸದ ಬಗ್ಗೆ ಹೇಳುತ್ತೇನೆ. ನಮ್ಮ ಅಬ್ಬಾಜಾನ್ ಮನೆಯಲ್ಲಿ ಮಿಶ್ಕಾತ್ ಎಂಬ ಹದೀಸ್ ಸಂಗ್ರಹ ಇಟ್ಟುಕೊಂಡಿದ್ದರು, ಅದನ್ನೇ ನೋಡಿ ಬೆಳೆದವಳು ನಾನು. ಅದಕ್ಕೆ ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾದರೆ ಮುಂದೆ ಹೋಗಿ.

ಹದೀಸ್ ಅಂದರೆ ಪ್ರವಾದಿಯವರ ಮಾತು, ನಡೆ. ಪ್ರತಿ ಹದೀಸಿಗೂ ಎರಡು ಭಾಗ. ಯಾರಿಂದ ಯಾರು ಕೇಳಿದರು ಎಂಬ ಸರಪಳಿ ಇಸ್ನಾದ್, ಆ ಮೇಲೆ ಬರುವ ಮಾತು ಮತ್ನ್. ಬುಖಾರಿ ಎಂಬವರ ಹೆಸರಾಂತ ಹದೀಸ್ ಸಂಗ್ರಹದ ಮೊಟ್ಟಮೊದಲ ಹದೀಸೇ ತಗೊಳ್ಳಿ, ಕೆಲಸಗಳ ಬೆಲೆ ನಿಯ್ಯತ್ತಿನ, ಅಂದರೆ ಉದ್ದೇಶದ, ಮೇಲೆ ಎನ್ನುವುದು. ಬುಖಾರಿ ಅದನ್ನು ಕೇಳಿದ್ದು ಹುಮೈದಿಯಿಂದ. ಹುಮೈದಿ ಸುಫ್ಯಾನರಿಂದ. ಸುಫ್ಯಾನ್ ಯಹ್ಯಾ ಬಿನ್ ಸಯೀದ್‌ರಿಂದ. ಯಹ್ಯಾ ಮುಹಮ್ಮದ್ ಬಿನ್ ಇಬ್ರಾಹೀಂ ತೈಮಿಯಿಂದ. ಅವರು ಅಲ್ಖಮಾರಿಂದ. ಅಲ್ಖಮಾ ಅದನ್ನು ಖಲೀಫಾ ಉಮರ್ ಮಿಂಬರಿನ, ಅಂದರೆ ಮಸೀದಿಯ ಪ್ರವಚನ ಪೀಠದ, ಮೇಲೆ ನಿಂತು ಹೇಳುವಾಗ ಕೇಳಿದವರು, ಉಮರ್ ಪ್ರವಾದಿಯವರಿಂದ ಕೇಳಿದವರು. ಇದರಲ್ಲಿ ಒಬ್ಬನ ನೆನಪು ಕೆಟ್ಟಿದ್ದರೆ, ಒಬ್ಬ ಸುಳ್ಳುಗಾರನಾಗಿದ್ದರೆ, ಇಬ್ಬರು ಭೇಟಿಯೇ ಆಗಿಲ್ಲದಿದ್ದರೆ ಮುಗಿಯಿತು, ಹದೀಸಿನ ದರ್ಜೆ ಇಳಿಯುತ್ತದೆ. ಸಹೀಹ್ ಅಂದರೆ ಗಟ್ಟಿ, ಹಸನ್ ಅಂದರೆ ಒಳ್ಳೆಯದು, ಜಯೀಫ್ ಅಂದರೆ ದುರ್ಬಲ, ಕೊನೆಗೆ ಮೌಜೂ, ಅಂದರೆ ಕಟ್ಟಿದ ಕಥೆ. ಮುಹದ್ದಿಸ್ ಆದವರ ಕೆಲಸ ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಎಳೆದು ನೋಡುವುದು.

ಈಗ ಮಿಶ್ಕಾತ್. ಬಗವಿ ಎಂಬವರು 12ನೇ ಶತಮಾನದ ಆರಂಭದಲ್ಲಿ ತೀರಿಕೊಂಡರು, ಮಸಾಬೀಹ್ ಎಂಬ ಸಂಗ್ರಹ ಮಾಡಿದ್ದರು. ಅದರಲ್ಲಿ ಈ ಹದೀಸ್ ಯಾವ ಗ್ರಂಥದ್ದು ಎಂದು ಒಂದೊಂದಕ್ಕೂ ಬರೆದಿರಲಿಲ್ಲ. ಎರಡು ಶತಮಾನ ಆದ ಮೇಲೆ ಖತೀಬ್ ತಬ್ರೀಜಿ ಕೂತು ಪ್ರತಿಯೊಂದಕ್ಕೂ ಹೇಳಿದ ಸಹಾಬಿಯ, ಅಂದರೆ ಪ್ರವಾದಿಯವರ ಸಂಗಾತಿಯ, ಹೆಸರು, ಮೂಲ ಗ್ರಂಥದ ಹೆಸರು ಸೇರಿಸಿದರು, ಅದೇ ಮಿಶ್ಕಾತ್. ಪ್ರತಿ ಅಧ್ಯಾಯಕ್ಕೂ ಸಾಮಾನ್ಯವಾಗಿ ಮೂರು ಫಸಲ್, ಅಂದರೆ ಭಾಗ. ಮೊದಲನೆಯದರಲ್ಲಿ ಬುಖಾರಿ, ಮುಸ್ಲಿಮ್ ಎಂಬ ಇಬ್ಬರು ಸಂಗ್ರಹಕಾರರದು. ಎರಡನೆಯದರಲ್ಲಿ ಅಬೂ ದಾವೂದ್, ತಿರ್ಮಿಜಿ ಮುಂತಾದವರು. ಮೂರನೆಯದು ತಬ್ರೀಜಿ ತಾವೇ ಸೇರಿಸಿದ್ದು. ಒಟ್ಟು 6 ಸಾವಿರದ ಹತ್ತಿರ ಹದೀಸ್. ಮನೆಯ ಪ್ರತಿಯಲ್ಲಿ ಮೊದಲ ಫಸಲ್ ಹಾಳೆಗಳ ಅಂಚು ಮಾತ್ರ ಕಪ್ಪಾಗಿತ್ತು, ಅಬ್ಬಾಜಾನ್ ಬೆರಳು ಓಡಾಡಿದ್ದು ಅಲ್ಲೇ ಜಾಸ್ತಿ.

ಅಬ್ದುಲ್ ಹಖ್‌ರು ಈ ಮಿಶ್ಕಾತಿಗೆ ಎರಡು ವ್ಯಾಖ್ಯಾನ ಬರೆದರು. ಅರಬ್ಬಿಯಲ್ಲಿ ಲಮಆತ್, ಫಾರಸಿಯಲ್ಲಿ ಅಶಿಅತುಲ್ ಲಮಆತ್. ಎರಡೂ ಜೊತೆಜೊತೆಗೇ ನಡೆದವು. ಸಾಮಾನ್ಯ ಓದುಗರಿಗೆ ಭಾರ ಎನಿಸುವ ವಾದಗಳನ್ನು ಅರಬ್ಬಿ ಪುಸ್ತಕಕ್ಕೆ ಸಾಗಿಸಿ, ಫಾರಸಿಯದನ್ನು ಓದಿಸಿಕೊಂಡು ಹೋಗುವ ಹಾಗೆ ಇಟ್ಟರು. ನನ್ನ ಪ್ರಕಾರ ಇವರ ದೊಡ್ಡ ಕೆಲಸ ಇದೇ. ಆಗ ದೆಹಲಿಯಲ್ಲಿ ಓದಿದವರ ಭಾಷೆ ಫಾರಸಿ. ಕಚೇರಿ ಗುಮಾಸ್ತನಿಗೂ ಫಾರಸಿ ಬರುತ್ತಿತ್ತು, ಅರಬ್ಬಿ ಅಷ್ಟಾಗಿ ಬರುತ್ತಿರಲಿಲ್ಲ. ಇವರ ಮಗ ನೂರುಲ್ ಹಖ್ ಮುಂದೆ ಬುಖಾರಿಗೇ ಫಾರಸಿ ವ್ಯಾಖ್ಯಾನ ಬರೆದರು.

ಸೂಫಿತನ ಎಲ್ಲಿ ಬಂತು ಎಂದು ಕೇಳಿದಿರಲ್ಲ. ಮಿಶ್ಕಾತಿನ ಶುರುವಿನಲ್ಲೇ ದೇವದೂತ ಜಿಬ್ರೀಲರ ಹದೀಸ್ ಬರುತ್ತದೆ. ಬಿಳಿ ಬಟ್ಟೆಯ ಅಪರಿಚಿತನೊಬ್ಬ ಬಂದು ಪ್ರವಾದಿಯವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಇಸ್ಲಾಂ ಅಂದರೆ ಏನು, ಈಮಾನ್ ಅಂದರೆ ಏನು, ಇಹ್ಸಾನ್ ಅಂದರೆ ಏನು ಎಂದು ಕೇಳುತ್ತಾನೆ. ಇಹ್ಸಾನ್ ಅಂದರೆ ದೇವರನ್ನು ಕಣ್ಣಾರೆ ನೋಡುತ್ತಿರುವ ಹಾಗೆ ಇಬಾದತ್, ಅಂದರೆ ಆರಾಧನೆ, ಮಾಡುವುದು, ನೀನು ನೋಡದಿದ್ದರೂ ಅವನು ನಿನ್ನನ್ನು ನೋಡುತ್ತಿದ್ದಾನೆ ಎಂದು ಉತ್ತರ. ಸೂಫಿಗಳು ತಮ್ಮ ದಾರಿಗೆ ಆಧಾರ ಎಂದು ತೋರಿಸುವುದು ಈ ಮೂರನೆಯದನ್ನು. ಹದೀಸ್ ಪುಸ್ತಕದ ಒಳಗಿಂದಲೇ ಎದ್ದು ಬಂದ ದಾರಿ ಅದು ಎಂಬುದು ಅವರ ವಾದ. ಅಬ್ದುಲ್ ಹಖ್ ಆ ಸಾಲಿನವರು.

ಕುಂದಗೋಳ_ಕೇಳುಗ

ಸವಣೂರ ಆಪಾ ಹೇಳಿದ ಸರಪಳಿ ಓದಿ ನನಗೆ ನೆನಪಾದದ್ದು ನಮ್ಮ ಕಿರಾಣಾ ಘರಾನಾ. ಅಬ್ದುಲ್ ಕರೀಂ ಖಾನ್‌ರಿಂದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು. ಎದುರು ಕೂತು ಕೇಳಿ ಕಲಿತರೆ ಮಾತ್ರ ಲೆಕ್ಕ, ಪುಸ್ತಕ ನೋಡಿ ಹಾಡಿದರೆ ಯಾರೂ ಒಪ್ಪುವುದಿಲ್ಲ. ನಿಮ್ಮ ಬಳಗದಲ್ಲಿ ಹೀಗೆ ಹೇಳಿ ಉಣಕಲ್ ಅಣ್ಣಾ, ಧಾರವಾಡ ಸೀಮೆಯವರಿಗೆ ತಕ್ಷಣ ತಲೆಗೆ ಹೋಗುತ್ತದೆ.

ಸವಣೂರ_ಎಲೆ

ಹೇಳಬಹುದು, ಆದರೆ ಅರ್ಧ ದಾರಿವರೆಗೆ ಮಾತ್ರ. ಸೂಫಿಗಳ ಸಿಲ್ಸಿಲಾಕ್ಕೆ, ಅಂದರೆ ಗುರುಪರಂಪರೆಗೆ, ನಿಮ್ಮ ಮಾತು ಚೆನ್ನಾಗಿ ಕೂಡುತ್ತದೆ. ಪೀರ್, ಅಂದರೆ ಗುರು, ಮುರೀದನಿಗೆ ಕೊಡುವುದು ಒಂದು ಬಾಳುವ ರೀತಿ, ಪ್ರತಿಯೊಬ್ಬನಲ್ಲೂ ಅದಕ್ಕೆ ಬೇರೆ ಬಣ್ಣ ಬರುತ್ತದೆ. ಹದೀಸಿನಲ್ಲಿ ಹಾಗೆ ಬಣ್ಣ ಬಂದರೆ ಅಪರಾಧ. ಕೇಳಿದ್ದನ್ನು ಕೇಳಿದ ಹಾಗೆ ದಾಟಿಸಬೇಕು. ಸಂಗೀತದಲ್ಲಿ ಶಿಷ್ಯ ಗುರುವಿನ ಗುರುವನ್ನು ಹಿಡಿದು ಇವರ ನೆನಪು ಸರಿ ಇರಲಿಲ್ಲ, ಕೊನೆಗಾಲದಲ್ಲಿ ಗೊಂದಲ ಮಾಡಿಕೊಳ್ಳುತ್ತಿದ್ದರು ಎಂದು ಬರೆದಿಡುವುದಿಲ್ಲ. ಮುಹದ್ದಿಸರು ಬರೆದಿಟ್ಟಿದ್ದಾರೆ, ಸಾವಿರಾರು ಜನರ ಬಗ್ಗೆ, ಸಂಪುಟಗಟ್ಟಲೆ. ಒಳ್ಳೆಯ ಮನುಷ್ಯ, ದೊಡ್ಡ ಭಕ್ತ, ಆದರೆ ಹದೀಸಿನಲ್ಲಿ ನಂಬಬೇಡಿ ಎಂದು ಮುಖ ಮುರಿಯುವ ಹಾಗೆ ಹೇಳಿದ್ದೂ ಉಂಟು.

ಹಾನಗಲ್_ಹುಡುಗ

ಇದೇ ನನ್ನ ಪ್ರಶ್ನೆ. ಭಕ್ತಿ ಜಾಸ್ತಿ ಆದ ಕಡೆ ಪರೀಕ್ಷೆ ಕಡಿಮೆ ಆಗುತ್ತದೆ, ಅಲ್ವಾ? ಸೂಫಿ ಪುಸ್ತಕಗಳಲ್ಲಿ ಆಧಾರ ಇಲ್ಲದ ಹದೀಸ್ ತುಂಬಿವೆ ಎಂದು ಎಲ್ಲ ಕಡೆ ಓದುತ್ತೇವೆ. ಪವಾಡದ ಕಥೆಗಳಂತೂ ಕೇಳಲೇಬೇಡಿ. ಸುಮ್ನೆ ಎರಡನ್ನೂ ಹೊಂದಿಸಿ ಚೆಂದ ಮಾಡಿ ಹೇಳುವುದು ಬೇಡ ಅಂತ ನನ್ನ ಅನಿಸಿಕೆ. ಜಗಳ ಇತ್ತೋ ಇಲ್ವೋ ಅದನ್ನೂ ಹೇಳಿ.

ಗದಗಿನ_ಮಾಸ್ತರ

ಜಗಳ ಇತ್ತು, ಜೋರಾಗೇ ಇತ್ತು. ನೀನು ಕೇಳಿದ್ದು ಸರಿ ಇದೆ.

ನಿಶಾಪುರದ ಸುಲಮಿ ಎಂಬವರು 1021ರಲ್ಲಿ ತೀರಿದರು. ಸೂಫಿಗಳ ಜೀವನ ಸಂಗ್ರಹ ಮಾಡಿದ ಮೊದಲಿಗರಲ್ಲಿ ಒಬ್ಬರು, ಹದೀಸೂ ಕಲಿಸುತ್ತಿದ್ದರು. ಇವರು ಸೂಫಿಗಳಿಗಾಗಿ ಹದೀಸ್ ಕಟ್ಟುತ್ತಾರೆ ಎಂದು ಅದೇ ಊರಿನವನೊಬ್ಬ ಆರೋಪ ಹೊರಿಸಿದ. ಬಗ್ದಾದಿನ ಇತಿಹಾಸ ಬರೆದ ಖತೀಬ್ ಬಗ್ದಾದಿ ಆ ಆರೋಪವನ್ನು ದಾಖಲಿಸಿ, ಸುಲಮಿ ಪರವಾಗಿಯೂ ಮಾತಾಡಿದರು. ಇಸ್ಫಹಾನಿನ ಅಬೂ ನುಐಮ್ ಹಿಲ್ಯತುಲ್ ಔಲಿಯಾ ಎಂಬ ಬಹು ಸಂಪುಟದ ಗ್ರಂಥ ಬರೆದರು. ಅದರಲ್ಲಿ ಸಂತರ ಕಥೆಗಳಿಗೂ ಹದೀಸಿನ ಹಾಗೆ ಇಸ್ನಾದ್ ಕೊಟ್ಟರು, ಇಂಥವರಿಂದ ಇಂಥವರು ಕೇಳಿದರು ಎಂದು. ಆದರೂ ಇಬ್ನುಲ್ ಜೌಜಿ ಬಿಡಲಿಲ್ಲ, ಅದನ್ನು ಟೀಕಿಸಿ, ಸೋಸಿ, ತಮ್ಮದೇ ಬೇರೆ ಪುಸ್ತಕ ಮಾಡಿದರು. ಇನ್ನು ಗಜಾಲಿ ಎಂಬ ಹೆಸರಾಂತ ಸೂಫಿ ವಿದ್ವಾಂಸರ ಇಹ್ಯಾ ಎಂಬ ಗ್ರಂಥ. ಅದರಲ್ಲಿ ದುರ್ಬಲ ಹದೀಸ್ ಬಹಳ ಇವೆ ಎಂಬುದು ಹಳೇ ದೂರು. 1404ರಲ್ಲಿ ತೀರಿದ ಜೈನುದ್ದೀನ್ ಇರಾಖಿ ಎಂಬ ಮುಹದ್ದಿಸ್ ಏನು ಮಾಡಿದರು ಗೊತ್ತಾ? ಇಹ್ಯಾ ಹಿಡಿದುಕೊಂಡು ಅದರ ಹದೀಸುಗಳ ಮೂಲ ಹುಡುಕಿ, ಇದು ಸರಿ, ಇದು ದುರ್ಬಲ, ಇದಕ್ಕೆ ಮೂಲ ಸಿಗಲಿಲ್ಲ ಎಂದು ಒಂದೊಂದಾಗಿ ಬರೆದರು. ಪುಸ್ತಕ ಸುಟ್ಟು ಹಾಕಿ ಅನ್ನಲಿಲ್ಲ. ಇವತ್ತಿಗೂ ಇಹ್ಯಾದ ಎಷ್ಟೋ ಮುದ್ರಣಗಳಲ್ಲಿ ಅಡಿಯಲ್ಲಿ ಇರಾಖಿಯ ಟಿಪ್ಪಣಿ ಇರುತ್ತದೆ. ಮೇಲೆ ಗಜಾಲಿ, ಕೆಳಗೆ ಅವರನ್ನು ತಿದ್ದುವವರು, ಒಂದೇ ಹಾಳೆಯಲ್ಲಿ. ನನಗೆ ಇದು ಬಹಳ ಇಷ್ಟ.

ಸೂಫಿಗಳ ಒಳಗೂ ಈ ಎಚ್ಚರ ಇತ್ತು. ದೆಹಲಿಯ ಚಿಶ್ತಿ ಸಂತ ನಿಜಾಮುದ್ದೀನ್ ಔಲಿಯಾ ಅವರೇ ಮಶಾರಿಖುಲ್ ಅನ್ವಾರ್ ಎಂಬ ಹದೀಸ್ ಸಂಗ್ರಹವನ್ನು ಗುರುಮುಖದಿಂದ ಓದಿ ಸನದು ಪಡೆದವರು. ಅವರ ಶಿಷ್ಯ ನಸೀರುದ್ದೀನ್ ಚಿರಾಗ್ ದೆಹಲಿ ಮುಂದೆ ಹಳೆಯ ಚಿಶ್ತಿ ಗುರುಗಳ ಹೆಸರಲ್ಲಿ ಓಡಾಡುತ್ತಿದ್ದ ಪುಸ್ತಕಗಳನ್ನು ನೋಡಿ, ಇವು ಅವರ ಮಾತಲ್ಲ ಎಂದು ತಳ್ಳಿಹಾಕಿದರು.

ಅಬ್ದುಲ್ ಹಖ್‌ರ ಅಖ್ಬಾರುಲ್ ಅಖ್ಯಾರ್ ನೋಡಬೇಕಾದದ್ದು ಈ ಹಿನ್ನೆಲೆಯಲ್ಲಿ. ಹಿಂದೂಸ್ತಾನದ ಸಂತರ ಜೀವನ ಸಂಗ್ರಹ ಅದು. ಶುರುವಿನಲ್ಲಿ ಬಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿ, ಆಮೇಲೆ ಅಜ್ಮೇರಿನ ಮುಈನುದ್ದೀನ್ ಚಿಶ್ತಿಯಿಂದ ಹಿಡಿದು ತಮ್ಮ ಕಾಲದವರೆಗೆ. ಆ ಹೊತ್ತಿನ ಬೇರೆ ಸಂತಚರಿತ್ರೆಗಳ ಪಕ್ಕ ಇಟ್ಟು ನೋಡಿದರೆ ಪವಾಡದ ಕಥೆ ಕಡಿಮೆ. ಸಂತರ ಪತ್ರ, ಅವರ ಬೈಠಕ್ಕಿನಲ್ಲಿ ಬರೆದುಕೊಂಡ ಮಾತು, ಅವರ ಕವಿತೆ, ಇವನ್ನು ನೇರ ಎತ್ತಿ ಕೊಡುತ್ತಾರೆ. ಇತಿಹಾಸಕಾರರು ಇವತ್ತಿಗೂ ಅದನ್ನು ತೆರೆಯುವುದು ಈ ಕಾರಣಕ್ಕೆ. ಕೊನೆಯ ಭಾಗದಲ್ಲಿ ಮಹಿಳಾ ಸಂತರಿಗೂ ಜಾಗ ಇದೆ. ದೆಹಲಿಯ ಬೀಬಿ ಫಾತಿಮಾ ಸಾಮ್, ನಿಜಾಮುದ್ದೀನರ ತಾಯಿ ಬೀಬಿ ಜುಲೈಖಾ ಅಲ್ಲಿ ಬರುತ್ತಾರೆ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅಬ್ದುಲ್ ಹಖ್‌ರನ್ನು ಭೇಟಿಯಾದದ್ದನ್ನು ಬರೆಯುವಾಗ ಈ ಪುಸ್ತಕದ ಹೆಸರಿಲ್ಲದಿದ್ದರೂ ಹಿಂದೂಸ್ತಾನದ ಶೇಖರ ಬಗ್ಗೆ ಪುಸ್ತಕ ಮಾಡಿದ್ದಾರೆ, ಕಷ್ಟಪಟ್ಟಿದ್ದಾರೆ ಎಂದು ಮೆಚ್ಚುತ್ತಾನೆ.

ಹಾನಗಲ್_ಹುಡುಗ

ಸರಿ ಮಾಸ್ತರೇ, ಇಹ್ಯಾ ವಿಷಯ ಗೊತ್ತಿರಲಿಲ್ಲ. ಇನ್ನೊಂದು. ಕೆಲವರು ಇವರನ್ನು ಅಕ್ಬರನ ವಿರೋಧಿ, ಕಟ್ಟರ್ ಎನ್ನುತ್ತಾರೆ, ಕೆಲವರು ಉದಾರಿ ಎನ್ನುತ್ತಾರೆ. ಯಾವುದು?

ಗದಗಿನ_ಮಾಸ್ತರ

ಎರಡೂ ಇವತ್ತಿನ ಅಂಗಿ. ಅಕ್ಬರನ ದರ್ಬಾರು ಅವರಿಗೆ ಹಿಡಿಸಲಿಲ್ಲ, ಅದು ಖರೆ. ಆದರೆ ದಂಗೆ ಎದ್ದವರಲ್ಲ, ಬಾಗಿಲು ಹಾಕಿಕೊಂಡು ಪಾಠ ಹೇಳಿದವರು. ಅದೇ ಕಾಲದ ಶೇಖ್ ಅಹ್ಮದ್ ಸರ್ಹಿಂದಿ ತಮ್ಮ ಆಧ್ಯಾತ್ಮಿಕ ಸ್ಥಾನದ ಬಗ್ಗೆ ದೊಡ್ಡ ದೊಡ್ಡ ಮಾತು ಬರೆದಾಗ, ಇವರು ಅದನ್ನು ಖಂಡಿಸಿ ಉದ್ದ ಪತ್ರ ಬರೆದರು. ಅಂದರೆ ದರ್ಬಾರಿಗೂ ಅಂಜಲಿಲ್ಲ, ಇನ್ನೊಬ್ಬ ಹೆಸರಾಂತ ಸೂಫಿಗೂ ಅಂಜಲಿಲ್ಲ. ಇವತ್ತು ಉತ್ತರದ ಬರೇಲ್ವಿಗಳೂ ಇವರ ಮಾತು ಎತ್ತಿ ಹೇಳುತ್ತಾರೆ, ಅವರಿಗೆ ಎದುರು ನಿಂತ ಸುನ್ನಿ ಬಣ ದೇವಬಂದಿಗಳೂ ಹೇಳುತ್ತಾರೆ. ಇಬ್ಬರೂ ತಮಗೆ ಬೇಕಾದ ಪುಟ ತೆರೆಯುತ್ತಾರೆ ಅಷ್ಟೇ.

ಉಣಕಲ್_ಓದುಗ

ಮಾಸ್ತರೇ, ಆಪಾ, ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ, ನೋಟ್‌ಬುಕ್ ತುಂಬಿತು. ನನ್ನ ಕೊನೆಯ ಪ್ರಶ್ನೆ ಮಾತ್ರ ಉಳಿಯಿತು. ನಮ್ಮ ಕಡೆಗೆ ಇವರನ್ನು ಹೇಗೆ ಜೋಡಿಸಲಿ? ದೆಹಲಿ, ಮಕ್ಕಾ ಅಂದರೆ ನಮ್ಮವರು ಚಹಾ ಬಂತಾ ಎಂದು ಬಾಗಿಲು ನೋಡಲು ಶುರು ಮಾಡುತ್ತಾರೆ. ದೀಪದ ಬೆಂಕಿ ಕಥೆಯಿಂದ ಶುರು ಮಾಡಿದರೆ ಹೇಗೆ?

ಸವಣೂರ_ಎಲೆ

ಜೋಡಿಸಲು ಕಷ್ಟಪಡಬೇಕಾಗಿಲ್ಲ. ಇವರು ಖಾದಿರಿ ಪಂಥದವರು, ಬಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿಯವರ ದಾರಿ. ನಮ್ಮ ಹಾವೇರಿ, ಗದಗ, ಧಾರವಾಡ ಹಳ್ಳಿಗಳಲ್ಲಿ ಖಾದರ್‌ಸಾಬ್ ಎಂಬ ಹೆಸರಿನ ಎಷ್ಟು ಜನ ಇದ್ದಾರೆ ಎಣಿಸಿ ನೋಡಿ. ಗ್ಯಾರವೀ ಗೊತ್ತಲ್ಲ? ರಬೀಉಲ್ ಆಖಿರ್ ತಿಂಗಳ 11ನೇ ತಾರೀಖು ಅವರ ಹೆಸರಲ್ಲಿ ಫಾತಿಹಾ ಎಂಬ ಪ್ರಾರ್ಥನೆ ಕೊಟ್ಟು ಅಕ್ಕಪಕ್ಕದವರಿಗೆ ಊಟ ಹಾಕುವುದು. ಸವಣೂರಲ್ಲಿ ನಮ್ಮ ಓಣಿಯಲ್ಲಿ ಆ ದಿನ ದೇಗಚಿ ಇಳಿಸುವ ಹೊತ್ತಿಗೆ ಸಾಲೆ ಬಿಟ್ಟಿರುತ್ತಿತ್ತು, ತಟ್ಟೆ ಹಿಡಿದು ಬರುವ ಹುಡುಗರಲ್ಲಿ ಯಾವ ಮನೆಯವರು ಎಂದು ಯಾರೂ ಕೇಳುತ್ತಿರಲಿಲ್ಲ.

ಈ ತಾರೀಖಿನ ವಿಷಯವನ್ನೇ ಅಬ್ದುಲ್ ಹಖ್ ಎತ್ತಿಕೊಂಡಿದ್ದಾರೆ. ಮಾ ಸಬತ ಬಿಸ್ಸುನ್ನಾ ಎಂದು ಅವರದೊಂದು ಪುಸ್ತಕ. ವರ್ಷದ ಒಂದೊಂದು ತಿಂಗಳು ಹಿಡಿದು, ಮೊಹರಂ ಇರಲಿ, ಶಬೇಬರಾತ್ ಇರಲಿ, ಯಾವ ಆಚರಣೆಗೆ ಹದೀಸಿನ ಆಧಾರ ಇದೆ, ಯಾವುದಕ್ಕೆ ಇಲ್ಲ ಎಂದು ನೋಡುತ್ತಾ ಹೋಗುತ್ತಾರೆ. ಜೀಲಾನಿಯವರ ಉರುಸಿನ ಮಾತು ಬಂದಾಗ, ತಮ್ಮ ಗುರು ಮಕ್ಕಾದಲ್ಲಿ 9ನೇ ತಾರೀಖು ಹಿಡಿಯುತ್ತಿದ್ದರು, ನಮ್ಮ ನಾಡಿನಲ್ಲಿ 11 ಪ್ರಸಿದ್ಧವಾಗಿದೆ ಎಂದು ಎರಡನ್ನೂ ಬರೆಯುತ್ತಾರೆ. ತಾವು ಪಂಥದ ಮುರೀದ್, ಗೌರವ ಬೆಟ್ಟದಷ್ಟು. ಆದರೂ ತಾರೀಖು ಯಾರಿಂದ ಬಂತು ಎಂದು ಕೇಳುವುದನ್ನು ಬಿಡಲಿಲ್ಲ. ಹಾನಗಲ್ ತಮ್ಮನ ಪ್ರಶ್ನೆಗೆ ನನ್ನ ಉತ್ತರ ಇದು. ಭಕ್ತಿ ಇದ್ದ ಕಡೆ ಪರೀಕ್ಷೆ ಕಡಿಮೆ ಆಗುತ್ತದೆ ಎಂಬುದು ಎಷ್ಟೋ ಕಡೆ ನಿಜ. ಇವರಲ್ಲಿ ಹಾಗಾಗಲಿಲ್ಲ. ಅದೇ ಪುಸ್ತಕದಲ್ಲಿ ಪ್ರವಾದಿಯವರ ಜನ್ಮದಿನದ ಮೌಲೂದ್ ಆಚರಣೆಯನ್ನು ಒಪ್ಪುತ್ತಾರೆ, ಅದರಲ್ಲಿ ಸೇರಿಕೊಂಡ ಬೇಡದ್ದನ್ನು ಬೈಯುತ್ತಾರೆ ಕೂಡ.

ಇನ್ನೂ ಹತ್ತಿರದ ಕೊಂಡಿ ಬೇಕೆಂದರೆ ಕಲಬುರ್ಗಿ. ಬಂದೇ ನವಾಜ್ ಗೇಸೂದರಾಜ್ ಇದೇ ಚಿರಾಗ್ ದೆಹಲಿಯವರ ಶಿಷ್ಯರು. 1398ರಲ್ಲಿ ತೈಮೂರ್ ದಾಳಿ ಹೊತ್ತಿಗೆ ದೆಹಲಿ ಬಿಟ್ಟವರು, ಬಹಮನಿಗಳ ಕಾಲದಲ್ಲಿ ಕಲಬುರ್ಗಿಗೆ ಬಂದರು, 1422ರಲ್ಲಿ ಅಲ್ಲೇ ತೀರಿದರು. ಮಾಸ್ತರರು ಹೇಳಿದ ಮಶಾರಿಖ್ ಹದೀಸ್ ಸಂಗ್ರಹಕ್ಕೆ ಗೇಸೂದರಾಜರದೂ ವ್ಯಾಖ್ಯಾನ ಇದೆ. ಅಖ್ಬಾರುಲ್ ಅಖ್ಯಾರಿನಲ್ಲಿ ಅಬ್ದುಲ್ ಹಖ್‌ರು ಗೇಸೂದರಾಜರ ಬಗ್ಗೆಯೂ ಬರೆದಿದ್ದಾರೆ. ಅಂದರೆ ನಾವು ಉರುಸಿಗೆ ಬಸ್ ಹತ್ತಿ ಹೋಗುವ ಕಲಬುರ್ಗಿ ದರ್ಗಾದ ಅಜ್ಜನೂ ಹದೀಸ್ ಓದಿದವರೇ. ನಿಮ್ಮ ಆಫೀಸಿನ ಗೆಳೆಯನಿಗೆ ಇದನ್ನು ಹೇಳಿ.

ಕುಂದಗೋಳ_ಕೇಳುಗ

ಗೇಸೂದರಾಜರ ವಿಷಯ ನನಗೂ ಹೊಸದು. ಪ್ರತಿ ವರ್ಷ ಹೋಗುತ್ತೇವೆ, ಒಬ್ಬರೂ ಹೇಳಿರಲಿಲ್ಲ.

ಗದಗಿನ_ಮಾಸ್ತರ

ಉಣಕಲ್ ತಮ್ಮಾ, ದೀಪದ ಕಥೆಯಿಂದ ಶುರು ಮಾಡಬೇಡ. ಅಂಥ ಕಥೆ ಎಲ್ಲ ದೊಡ್ಡವರ ಬಗ್ಗೆಯೂ ಇರುತ್ತದೆ, ಬೀದಿದೀಪದ ಕೆಳಗೆ ಓದಿದವರನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆಪಾ ಹೇಳಿದ 9 ಮತ್ತು 11ನೇ ತಾರೀಖಿನಿಂದ ಶುರು ಮಾಡು. ನಿನ್ನ ಬಳಗದಲ್ಲಿ ಗ್ಯಾರವೀ ಊಟ ಉಂಡವರು ಇದ್ದೇ ಇರುತ್ತಾರೆ. ಆ ತಾರೀಖು ಎಲ್ಲಿಂದ ಬಂತು ಎಂದು ನಾನೂರು ವರ್ಷದ ಹಿಂದೆ ಒಬ್ಬರು ಕೇಳಿದ್ದರು ಅಂದರೆ ಕಿವಿ ನೆಟ್ಟಗಾಗುತ್ತದೆ. ಅಲ್ಲಿಂದ ಮಕ್ಕಾದ ಗುರು, ಗುರುವಿನಿಂದ ಬುರ್ಹಾನಪುರ, ಅಲ್ಲಿಂದ ಹಡಗು ತಪ್ಪಿಸಿಕೊಂಡ ಗುಜರಾತು. ಮಿಶ್ಕಾತಿಗೆ ಐದು ನಿಮಿಷ ಕೊಡು, ನಿಯ್ಯತ್ತಿನ ಹದೀಸಿನ ಸರಪಳಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸು, ಬಾಯಲ್ಲಿ ಹೇಳಿದರೆ ಹೆಸರುಗಳೆಲ್ಲ ಕಲಸಿಹೋಗುತ್ತವೆ. ಮರ್ಜುಲ್ ಬಹ್ರೈನ್ ಎಂದು ಇವರದೊಂದು ಸಣ್ಣ ಪುಸ್ತಕ ಇದೆ, ಶರೀಅತ್ತು ಮತ್ತು ಸೂಫಿ ದಾರಿ ಎರಡನ್ನೂ ಕೂಡಿಸಿ ನೋಡುವಂಥದ್ದು. ದಾರಾ ಶುಕೋನ ಮಜ್ಮಉಲ್ ಬಹ್ರೈನ್ ಬೇರೆ, ಯಾರಾದರೂ ಎರಡನ್ನೂ ಒಂದೇ ಎಂದರೆ ಅಲ್ಲೇ ಬಿಡಿಸಿ ಹೇಳು. ಅಖ್ಬಾರುಲ್ ಅಖ್ಯಾರ್ ಉರ್ದುವಿನಲ್ಲಿ ಸಿಗುತ್ತದೆ, ಬಳಗದಲ್ಲಿ ಉರ್ದು ಬಲ್ಲವರಿದ್ದರೆ ಬೀಬಿ ಫಾತಿಮಾ ಸಾಮ್ ಪುಟ ಓದಿಸು. ಜಗಳದ ಭಾಗ ಬಿಡಬೇಡ, ಭಜಿ ಬರುವ ಮೊದಲೇ ಮುಗಿಸು. ಬಂದ ಮೇಲೆ ಇರಾಖಿಯೂ ಇಲ್ಲ, ಗಜಾಲಿಯೂ ಇಲ್ಲ.